ಪಾಲಿಸಿದಾರರು ಅರಿತಿರಬೇಕಾದ ಗಡುವುಗಳು

ಜೀವ ವಿಮೆಯ ಪರಿಹಾರವನ್ನು ನಿರಾಕರಿಸುವಾಗ ಕಂಪನಿಗಳು ಸಾಮಾನ್ಯವಾಗಿ ಮುಂದಿಡುವ ಕಾರಣವೆಂದರೆ, ಪ್ರಸ್ತಾವನಾ ನಮೂನೆಯಲ್ಲಿ, ಅಂದರೆ ವಿಮೆ ಕೋರಿ ಸಲ್ಲಿಸುವ ಅರ್ಜಿಯಲ್ಲಿ, ರಕ್ತದೊತ್ತಡ, ಸಕ್ಕರೆ ಕಾಯಿಲೆಯಂತಹ ಸಂಗತಿಗಳನ್ನು ಮುಚ್ಚಿಡಲಾಗಿತ್ತು ಎಂಬುದು. ಏಜೆಂಟರೇ ಅರ್ಜಿ ತುಂಬಿ ಗ್ರಾಹಕರಿಂದ ಬರೀ ಸಹಿ ಪಡೆಯುವ ರೂಢಿ ಇರುವುದರಿಂದ, ಸಹಿಗೆ ಮುನ್ನ ಪ್ರತಿ ಉತ್ತರವನ್ನೂ ಓದಿ ನೋಡಿ, ಅದರ ನಕಲನ್ನು ಮನೆಯಲ್ಲಿ ಇರಿಸಿಕೊಳ್ಳುವುದು ತೀರ ಅಗತ್ಯ. ಮುಂದೆ ನಾಮಿನಿಯ ಕೈಯಲ್ಲಿ ಉಳಿಯುವ ಬಲವಾದ ಪುರಾವೆ ಅದೇ.

ಈ ವಿಷಯದಲ್ಲಿ 1938ರ ವಿಮಾ ಕಾಯ್ದೆಯ 45ನೇ ಕಲಂ, 2015ರ ತಿದ್ದುಪಡಿಯ ಬಳಿಕ, ಬಹು ದೊಡ್ಡ ರಕ್ಷಣೆ ನೀಡುತ್ತದೆ: ಪಾಲಿಸಿ ನೀಡಿ ಮೂರು ವರ್ಷ ಕಳೆದ ಮೇಲೆ ಕಂಪನಿಯು ಯಾವ ಕಾರಣಕ್ಕೂ, ವಂಚನೆಯ ಆರೋಪ ಹೊರಿಸಿ ಕೂಡ, ಅದನ್ನು ಪ್ರಶ್ನಿಸುವಂತಿಲ್ಲ. ಆದರೆ ಕಂತು ತಪ್ಪಿ ನಿಂತುಹೋದ ಪಾಲಿಸಿಯನ್ನು ಮತ್ತೆ ಚಾಲ್ತಿಗೆ ತಂದರೆ ಈ ಮೂರು ವರ್ಷಗಳ ಲೆಕ್ಕವೂ ಹೊಸದಾಗಿ ಆರಂಭವಾಗುತ್ತದೆ. ಹಲವರ ಗಮನಕ್ಕೆ ಬಾರದ ಈ ಅಂಶವೇ ಕಂತನ್ನು ಸಕಾಲದಲ್ಲಿ ಕಟ್ಟಲು ಸಾಕಷ್ಟು ಕಾರಣ.

ಷರತ್ತುಗಳು ಒಪ್ಪಿಗೆಯಾಗದಿದ್ದರೆ, ಪಾಲಿಸಿ ಕೈಸೇರಿದ 30 ದಿನಗಳೊಳಗೆ ಅದನ್ನು ಹಿಂದಿರುಗಿಸಿ, ಅಲ್ಪ ಕಡಿತದೊಂದಿಗೆ ಹಣ ಮರಳಿ ಪಡೆಯಬಹುದು. ಕಂಪನಿಗೆ ಲಿಖಿತ ದೂರು ಕೊಟ್ಟು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಎಂಬ ವ್ಯಾಜ್ಯ ಪರಿಹಾರಾಧಿಕಾರಿಯ ಮೊರೆ ಹೋಗಬಹುದು. ಬೆಂಗಳೂರಿನಲ್ಲಿಯೂ ಇಂತಹ ಕಚೇರಿಯಿದ್ದು, ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, ಮತ್ತು ಅಧಿಕಾರಿ ನೀಡುವ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕಾಗುತ್ತದೆ.