ಕಾಣದ ಕಾಲುವೆಗಳು

ಪಶ್ಚಿಮಘಟ್ಟದಲ್ಲಿ ಹುಟ್ಟಿದ ನೇತ್ರಾವತಿಯು ಬೆಳ್ತಂಗಡಿಯ ಸೀಮೆಯನ್ನು ದಾಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಮಗ್ಗುಲಲ್ಲಿ ಹರಿದು ಕಡಲನ್ನು ಸೇರುತ್ತದೆ. ಆದರೆ ಅಡಿಕೆಯ ತೋಟ ಹಸಿರಾಗುವುದು ಹೊಳೆಯ ಭೋರ್ಗರೆತದಿಂದಲ್ಲ. ಸಣ್ಣ ಕಣಿಗಳಲ್ಲಿ ಬಂದು ಬೇರಿಗೆ ಇಳಿಯುವ ನೀರಿನಿಂದ. ನಮ್ಮ ದೇಹದ ರಕ್ತಸಂಚಾರವೂ ಹೀಗೆಯೇ.

1628ರಲ್ಲಿ ಇಂಗ್ಲೆಂಡಿನ ವೈದ್ಯನಾದ ವಿಲಿಯಂ ಹಾರ್ವೆಯು, ಹೃದಯದಿಂದ ಹೊರಟ ರಕ್ತವು ಮರಳಿ ಹೃದಯಕ್ಕೇ ಬರುವುದೆಂದು ತೋರಿಸಿದನು. ಆದರೆ ಅಪಧಮನಿಯಿಂದ ಅಭಿಧಮನಿಗೆ ಅದು ದಾಟುವ ದಾರಿ ಅವನ ಕಣ್ಣಿಗೆ ಬೀಳಲಿಲ್ಲ. 1661ರಲ್ಲಿ ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಆ ದಾರಿಯನ್ನು ಕಂಡನು. ಅವೇ ಲೋಮನಾಳಗಳು.

ಹೃದಯದ ಗೋಡೆಯಲ್ಲಿ ಮೂರು ಪದರಗಳಿವೆ: ಒಳಗೆ ನುಣುಪಾದ ಪೊರೆ, ಹೊರಗೆ ತೆಳುವಾದ ಹೊದಿಕೆ, ನಡುವೆ ದಪ್ಪನೆಯ ಸ್ನಾಯು. ಈ ಸ್ನಾಯುವಿನ ಜೀವಕೋಶಗಳು ಅಡ್ಡಗೆರೆಗಳುಳ್ಳವು; ಕವಲೊಡೆದು, ಒಂದರ ತುದಿಗೆ ಇನ್ನೊಂದು ಬೆಸೆದುಕೊಂಡಿರುವಂಥವು. ಈ ಬೆಸುಗೆಗಳ ಮೂಲಕ ಮಿಡಿತದ ಸಂಕೇತವು ಕ್ಷಣಮಾತ್ರದಲ್ಲಿ ಹರಡುತ್ತದೆ. ತೇರಿನ ಹಗ್ಗ ಹಿಡಿದ ನೂರಾರು ಕೈಗಳು ಒಂದೇ ಕೂಗಿಗೆ ಎಳೆಯುವಂತೆ ಅಸಂಖ್ಯ ಕೋಶಗಳು ಒಂದಾಗಿ ಸಂಕುಚಿಸುತ್ತವೆ.

ಅಪಧಮನಿಗೂ ಮೂರು ಪದರಗಳು. ನಡುವಣ ಪದರದಲ್ಲಿ ಸ್ನಾಯುವೂ ಹಿಗ್ಗಿ ಕುಗ್ಗುವ ನಾರುಗಳೂ ಇರುವುದರಿಂದ ಅದು ಪ್ರತಿ ಮಿಡಿತದ ಒತ್ತಡವನ್ನು ತಾಳಿಕೊಳ್ಳುತ್ತದೆ. ಅಭಿಧಮನಿಯ ಗೋಡೆ ಅದಕ್ಕಿಂತ ತೆಳು. ರಕ್ತವು ಹಿಂದಕ್ಕೆ ಜಾರದಂತೆ ಕೈಕಾಲುಗಳ ಅಭಿಧಮನಿಗಳಲ್ಲಿ ಕವಾಟಗಳಿವೆ. ಲೋಮನಾಳಕ್ಕಾದರೋ ಒಂದೇ ಸಾಲು ಕೋಶಗಳ ಗೋಡೆ. ಕೆಂಪು ರಕ್ತಕಣಗಳು ಅದರೊಳಗೆ ಒಂದರ ಹಿಂದೆ ಒಂದಾಗಿ ನುಸುಳುತ್ತವೆ. ಆ ಗೋಡೆಯ ಮೂಲಕವೇ ಆಮ್ಲಜನಕವೂ ಆಹಾರಾಂಶವೂ ದೇಹದ ಕೋಶಗಳನ್ನು ಸೇರುತ್ತವೆ. ಹೃದಯದ ದುಡಿಮೆಯೆಲ್ಲ ಈ ಕೊಡುಕೊಳ್ಳುವಿಕೆಗಾಗಿಯೇ. ಹೃದಯದಿಂದ ಲೋಮನಾಳದವರೆಗೂ ರಕ್ತವನ್ನು ಮುಟ್ಟುವುದು ಒಂದೇ ಕೋಶದಷ್ಟು ದಪ್ಪದ ಈ ನುಣುಪು ಪದರ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಅನೇಕ ಮನೆಗಳ ಜಗಲಿಯಲ್ಲಿ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಆ ದುಡಿಮೆ ಗೌರವಕ್ಕೆ ಅರ್ಹವಾದುದು. ಆದರೆ ಬೀಡಿಯ ಹೊಗೆ ಈ ನುಣುಪು ಪದರವನ್ನು ಕೆಡಿಸುತ್ತದೆ. ಕೆಟ್ಟ ಕಡೆ ಅಪಧಮನಿಯಲ್ಲಿ ಕೊಬ್ಬು ಸೇರಿ ದಾರಿ ಕಿರಿದಾಗುತ್ತದೆ. ಬಹುಕಾಲ ನೋವಿಲ್ಲ, ಸುಳಿವಿಲ್ಲ. ಹೃದಯಕ್ಕೇ ರಕ್ತವೊಯ್ಯುವ ನಾಳ ಮುಚ್ಚಿಹೋದರೆ ಆ ಭಾಗದ ಸ್ನಾಯು ಸಾಯುತ್ತದೆ. ಚರ್ಮದ ಗಾಯ ಮಾಯುವಂತೆ ಅದು ಮಾಯದು. ಅಲ್ಲಿ ಮಿಡಿಯದ ಕಲೆಯೊಂದು ಉಳಿಯುತ್ತದೆ.

ಕಣಿಯಲ್ಲಿ ಕಸ ತುಂಬಿದರೆ ಕೃಷಿಕನು ಕಂಡು ತೆಗೆಯುತ್ತಾನೆ. ಕಾಣದ ಕಾಲುವೆಗಳನ್ನಾದರೋ ಕೆಡುವ ಮೊದಲೇ, ಎಳವೆಯಿಂದಲೇ ಕಾಪಾಡಿಕೊಳ್ಳಬೇಕು.

ಅಭ್ಯಾಸ
1. ಹಾರ್ವೆಗೆ ಕಾಣದ ದಾರಿ ಯಾವುದು? ಅದನ್ನು ಕಂಡವರು ಯಾರು?
2. ಅಪಧಮನಿಯ ಗೋಡೆಗೂ ಲೋಮನಾಳದ ಗೋಡೆಗೂ ಇರುವ ವ್ಯತ್ಯಾಸವೇನು? ಅದರಿಂದ ಆಗುವ ಪ್ರಯೋಜನವೇನು?