ಕಳೆದುಹೋದ ಪ್ರೀತಿ, ದೊರೆತ ಕರುಣೆ



ಕೈತಪ್ಪಿದ ಪ್ರೀತಿಯ ಕಥೆಗಳನ್ನು ನಾವು ಸಿನಿಮಾಗಳಲ್ಲಿ ಎಷ್ಟೋ ನೋಡಿದ್ದೇವೆ. ಕೊನೆಗೆ ಒಂದೋ ಪ್ರೇಯಸಿ ಮರಳಿ ಬರುತ್ತಾಳೆ, ಇಲ್ಲವೇ ನಾಯಕ ಕುಡಿದು ಕುಡಿದು ಹಾಳಾಗುತ್ತಾನೆ. 1983ರಲ್ಲಿ ತೆರೆಕಂಡ ‘ಟೆಂಡರ್ ಮರ್ಸೀಸ್’ ಎಂಬ ಅಮೆರಿಕದ ಚಿತ್ರ ಈ ಎರಡು ದಾರಿಗಳನ್ನೂ ಬಿಟ್ಟು ಮೂರನೆಯದನ್ನು ಹಿಡಿಯುತ್ತದೆ. ಬ್ರೂಸ್ ಬೆರೆಸ್‌ಫರ್ಡ್ ಇದರ ನಿರ್ದೇಶಕರು. ನಟನೆಗಾಗಿ ರಾಬರ್ಟ್ ಡುವಾಲ್, ಚಿತ್ರಕಥೆಗಾಗಿ ಹಾರ್ಟನ್ ಫೂಟ್ ಆಸ್ಕರ್ ಪ್ರಶಸ್ತಿ ಪಡೆದರು. ಚಿತ್ರದ ಹೆಸರು ಹಳೆಯ ಇಂಗ್ಲಿಷ್ ಬೈಬಲಿನ ಕೀರ್ತನೆಗಳಲ್ಲಿ ಬರುವ ಮಾತು. ದೇವರ ಕೋಮಲ ಕರುಣೆ ಎಂದು ಅದರ ಅರ್ಥ.

ಮ್ಯಾಕ್ ಸ್ಲೆಡ್ಜ್ ಒಂದು ಕಾಲಕ್ಕೆ ಹೆಸರಾಂತ ಕಂಟ್ರಿ ಸಂಗೀತಗಾರ. ಕಂಟ್ರಿ ಎಂದರೆ ಅಮೆರಿಕದ ದಕ್ಷಿಣ ಸೀಮೆಯ ಹಳ್ಳಿಗರ ಹಾಡಿನ ಬಗೆ. ಕುಡಿತ ಅವನ ಮನೆ ಮುರಿಯಿತು. ಅಮಲಿನಲ್ಲಿ ಹೆಂಡತಿ ಡಿಕ್ಸಿಯನ್ನು ಕೊಲ್ಲಲು ಹೋಗಿದ್ದುದನ್ನು ಮುಂದೆ ಅವನೇ ಮಗಳೆದುರು ಒಪ್ಪಿಕೊಳ್ಳುತ್ತಾನೆ. ವಿಚ್ಛೇದನವಾಗಿದೆ, ಮಗಳು ದೂರವಾಗಿದ್ದಾಳೆ. ಡಿಕ್ಸಿ ಮಾತ್ರ ಅವನು ಬರೆದ ಹಾಡುಗಳನ್ನೇ ವೇದಿಕೆಯಲ್ಲಿ ಹಾಡುತ್ತ ಪ್ರಸಿದ್ಧಳಾಗಿದ್ದಾಳೆ.

ಟೆಕ್ಸಾಸಿನ ಬಯಲಿನಲ್ಲಿ ರಸ್ತೆ ಬದಿಯ ಒಂದು ವಸತಿಗೃಹದಲ್ಲಿ ಅವನು ಅಮಲಿಳಿದು ಎಚ್ಚರಗೊಳ್ಳುತ್ತಾನೆ. ಬಾಡಿಗೆಗೆ ಕಾಸಿಲ್ಲ. ಮನೆಯೊಡತಿ ರೋಸಾ ಲೀ ವಿಯೆಟ್ನಾಂ ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಯುವ ವಿಧವೆ. ಸನ್ನಿ ಎಂಬ ಪುಟ್ಟ ಮಗನಿದ್ದಾನೆ. ಆಕೆ ಅವನಿಗೆ ಕೆಲಸ ಕೊಡುತ್ತಾಳೆ, ಆದರೆ ಕೆಲಸದಲ್ಲಿರುವಾಗ ಕುಡಿಯಬಾರದೆಂಬ ಷರತ್ತಿನ ಮೇಲೆ. ಇಲ್ಲಿ ಗಮನಿಸಿ: ಆಕೆ ಅವನನ್ನು ಹೀಯಾಳಿಸುವುದಿಲ್ಲ, ಅವನ ಕುಡಿತಕ್ಕೆ ಮಣಿಯುವುದೂ ಇಲ್ಲ. ಕುಡುಕರಿರುವ ಮನೆಗಳಲ್ಲಿ ಈ ಎರಡು ತಪ್ಪುಗಳಲ್ಲಿ ಒಂದನ್ನು ನಾವು ಮಾಡುತ್ತಲೇ ಇರುತ್ತೇವೆ.

ಮುಂದೆ ಅವರು ಮದುವೆಯಾಗುತ್ತಾರೆ. ವಿಚ್ಛೇದಿತರ ಮರುಮದುವೆಯನ್ನು ನಮ್ಮ ಧರ್ಮಸಭೆ ಬೇರೆ ಕಣ್ಣಿನಿಂದ ನೋಡುತ್ತದೆ. ಅಂಥ ಸ್ಥಿತಿಯಲ್ಲಿರುವವರು ತಮ್ಮ ಧರ್ಮಕೇಂದ್ರದ ಗುರುಗಳೊಡನೆ ಮನಬಿಚ್ಚಿ ಮಾತಾಡುವುದೇ ಸರಿಯಾದ ದಾರಿ. ಆದರೆ ಚಿತ್ರದಲ್ಲಿ ನಮ್ಮೆಲ್ಲರಿಗೂ ಪಾಠವಿದೆ. ಒಂದು ರಾತ್ರಿ ಮ್ಯಾಕ್ ಕೋಪದಲ್ಲಿ ಮನೆ ಬಿಟ್ಟು ಹೋಗಿ ವಿಸ್ಕಿ ಬಾಟಲಿ ಕೊಳ್ಳುತ್ತಾನೆ. ರೋಸಾ ಲೀ ಕೀರ್ತನೆಯ ಮಾತುಗಳನ್ನು ಹೇಳಿಕೊಳ್ಳುತ್ತ ಕಾಯುತ್ತಾಳೆ. ಅವನು ಹಿಂದಿರುಗಿ, ಕುಡಿಯದೆ ಎಲ್ಲವನ್ನೂ ಚೆಲ್ಲಿದೆನೆನ್ನುತ್ತಾನೆ.

ಚಿತ್ರದ ನಿಜವಾದ ನಷ್ಟ ಮಗಳದು. ಹದಿನೆಂಟರ ಸ್ಯೂ ಆ್ಯನ್ ತಂದೆಯನ್ನು ಹುಡುಕಿ ಬಂದು, ಚಿಕ್ಕಂದಿನಲ್ಲಿ ತನಗಾಗಿ ಹಾಡುತ್ತಿದ್ದ ಪಾರಿವಾಳದ ಹಾಡು ನೆನಪಿದೆಯೇ ಎಂದು ಕೇಳುತ್ತಾಳೆ. ನೆನಪಿಲ್ಲ ಎನ್ನುತ್ತಾನೆ. ಅವಳು ಹೊರಟುಹೋದ ಮೇಲೆ ಕಿಟಕಿಯ ಬಳಿ ನಿಂತು ಅದೇ ಹಾಡನ್ನು ಮೆಲ್ಲನೆ ಹಾಡಿಕೊಳ್ಳುತ್ತಾನೆ. ಮುಂದೆ ಆಕೆ ಕಾರು ಅಪಘಾತದಲ್ಲಿ ಸಾಯುತ್ತಾಳೆ. ಅಪ್ಪ ಹಾಡಿದ್ದು ಮಗಳ ಕಿವಿಗೆ ಬೀಳಲೇ ಇಲ್ಲ.

ಇದಕ್ಕೆ ಮುಂಚೆ ಮ್ಯಾಕ್ ಮತ್ತು ಸನ್ನಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಒಟ್ಟಿಗೆ ದೀಕ್ಷಾಸ್ನಾನ ಪಡೆದಿರುತ್ತಾರೆ. ಬದಲಾವಣೆ ಅನಿಸುತ್ತಿದೆಯೇ ಎಂದು ಹುಡುಗ ಕೇಳಿದರೆ, ಇನ್ನೂ ಇಲ್ಲ ಎನ್ನುತ್ತಾನೆ ಮ್ಯಾಕ್. ಎಂಥ ಪ್ರಾಮಾಣಿಕ ಉತ್ತರ! ದೀಕ್ಷೆ ದುಃಖವನ್ನು ತಡೆಯುವ ತಾಯಿತವಲ್ಲ. ಮಗಳನ್ನು ಮಣ್ಣುಮಾಡಿದ ಮೇಲೆ ತರಕಾರಿ ತೋಟದಲ್ಲಿ ಅಗೆಯುತ್ತ, ನಾನೇಕೆ ಉಳಿದೆ, ಅವಳೇಕೆ ಹೋದಳು ಎಂದು ಅವನು ಕೇಳುತ್ತಾನೆ. ಸುಖವನ್ನು ತಾನೆಂದೂ ನಂಬಿಲ್ಲ ಎನ್ನುತ್ತಾನೆ. ರೋಸಾ ಲೀ ಬಳಿ ಉತ್ತರವಿಲ್ಲ. ಉಪದೇಶವನ್ನೂ ಮಾಡುವುದಿಲ್ಲ, ಸುಮ್ಮನೆ ಜೊತೆಗೆ ನಿಲ್ಲುತ್ತಾಳೆ. ಆದರೆ ಆ ದುಃಖದಲ್ಲೂ ಮ್ಯಾಕ್ ಬಾಟಲಿಗೆ ಮರಳುವುದಿಲ್ಲ. ದೀಕ್ಷೆಯ ಫಲ ಅಲ್ಲಿ ಕಾಣುತ್ತದೆ. ಕೊನೆಗೆ ಅವನು ಸನ್ನಿಯೊಡನೆ ಚೆಂಡಾಡುತ್ತಾನೆ.

ಪ್ರಿಯರೇ, ಕಳೆದುಹೋದ ಪ್ರೀತಿ ಹಾಗೆಯೇ ಮರಳಿ ಬರುವುದಿಲ್ಲ. ಆದರೆ ಇನ್ನೊಂದು ಮಗು ಅಂಗಳದಲ್ಲಿ ಕಾಯುತ್ತಿರುತ್ತದೆ. ಆ ಕರೆಗೆ ಓಗೊಡುವ ಶಕ್ತಿಯೇ ಕರುಣೆ.

ಮನೆಮಂದಿ ಕೂಡಿ ಚಿಂತಿಸಲು:

1. ನಮ್ಮ ಮನೆಯಲ್ಲಿ ಯಾರ ಕಿವಿಗೆ ಬೀಳಬೇಕಾದ ಪ್ರೀತಿಯ ಮಾತು ಇನ್ನೂ ನಮ್ಮ ಬಾಯಲ್ಲೇ ಉಳಿದಿದೆ?

2. ಕುಡಿತಕ್ಕೆ ಸಿಕ್ಕಿದವರನ್ನು ಹೀಯಾಳಿಸದೆ, ಅವರ ಚಟಕ್ಕೆ ಮಣಿಯದೆ ನಾವು ಹೇಗೆ ನಡೆದುಕೊಳ್ಳಬಹುದು?

3. ದುಃಖದಲ್ಲಿರುವವರ ಬಳಿ ಉತ್ತರ ಹೇಳದೆ ಸುಮ್ಮನೆ ಜೊತೆಗಿರಲು ನಮಗೆ ಸಾಧ್ಯವೇ?