ಎಪ್ಪತ್ತೋ, ಎಂಬತ್ತೋ?

ಕಳೆದ ದಸರಾ ರಜೆಗೆ ಭದ್ರಾವತಿಗೆ ಹೋಗಿದ್ದಾಗ ಅಜ್ಜಿ ಒಂದು ಫೋನ್ ನಂಬರ್ ಬರ್ಕೋ ಅಂದ್ರು. "ತೊಂಬತ್ತೆಂಟು, ಎಪ್ಪತ್ತಾರು..." ಅಂತ ಎರಡೆರಡು ಅಂಕಿ ಸೇರಿಸಿ ಹೇಳ್ತಾ ಹೋದ್ರು. ನಾನು ಎಪ್ಪತ್ತಾರನ್ನು 86 ಅಂತ ಬರೆದೆ. ಫೋನ್ ಯಾರಿಗೋ ಹೋಯ್ತು. "ಇಂಜಿನಿಯರಿಂಗ್ ಓದ್ತೀಯ, ಎಪ್ಪತ್ತು ಗೊತ್ತಿಲ್ವೇನೋ?" ಅಂದ್ರು. ಮೊದಲು ನಗು ಬಂತು, ಆಮೇಲೆ ಬೇಜಾರಾಯ್ತು. ಕನ್ನಡದ ಸಂಖ್ಯೆಗಳು ಅಷ್ಟು ಕಷ್ಟನಾ?

ನಿಜ ಹೇಳಬೇಕಂದ್ರೆ ತುಂಬಾ ಸುಲಭ. ಇಪ್ಪತ್ತು, ಒಂದು ಸೇರಿದರೆ ಇಪ್ಪತ್ತೊಂದು. ಮೊದಲು ಹತ್ತರ ಸ್ಥಾನ, ಆಮೇಲೆ ಬಿಡಿ. ಬರೆಯುವ ಕ್ರಮದಲ್ಲೇ ಹೇಳುತ್ತೇವೆ. ಹಿಂದಿ, ಉರ್ದುವಿನಲ್ಲಿ 21 ಅಂದರೆ 'ಇಕ್ಕೀಸ್'. ಅಲ್ಲಿ ಬಿಡಿ ಮುಂದೆ ಬರುತ್ತದೆ, ಎರಡೂ ಕರಗಿ ಹೊಸ ಪದವೇ ಆಗಿರುತ್ತದೆ. ಹಾಗಾಗಿ ನೂರರವರೆಗಿನ ಬಹುತೇಕ ಪದಗಳನ್ನು ಬಾಯಿಪಾಠ ಮಾಡಬೇಕು. ಜರ್ಮನ್‌ನಲ್ಲಿ 21 ಅಂದರೆ 'ಒಂದು ಮತ್ತು ಇಪ್ಪತ್ತು'. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಜರ್ಮನ್ ಮಾತಾಡುವ ಒಂದನೇ ತರಗತಿ ಮಕ್ಕಳು ಕೇಳಿದ ಸಂಖ್ಯೆ ಬರೆಯುವಾಗ ಮಾಡಿದ ತಪ್ಪುಗಳಲ್ಲಿ ಸುಮಾರು ಅರ್ಧ ಈ ಅದಲುಬದಲಿಗೆ ಸಂಬಂಧಿಸಿದ್ದವು.

ಭದ್ರಾವತಿಯಲ್ಲಿ ತಮಿಳು ಮಾತಾಡುವ ಮನೆಗಳೂ ಬಹಳ. ತಮಿಳಿನಲ್ಲಿ 90 ಅಂದರೆ 'ತೊಣ್ಣೂರು'. ಅದರೊಳಗೆ ನೂರು ಕೂತಿದೆ! ನಮ್ಮ ತೊಂಬತ್ತರಲ್ಲಿ ಇರೋದು ಹತ್ತೇ. ಹತ್ತಿನ ಹಳೆಯ ರೂಪ 'ಪತ್ತು'. ಏಳು ಪತ್ತು ಎಪ್ಪತ್ತು, ಎಂಟು ಪತ್ತು ಎಂಬತ್ತು. ಎಂಟಿನ 'ಎಂ' ಎಂಬತ್ತಿನಲ್ಲೂ ಉಳಿದಿದೆ. ನನ್ನ ಗೊಂದಲಕ್ಕೆ ಕೀಲಿ ಆ ಪದದಲ್ಲೇ ಇತ್ತು.

ಹಾಗಾದ್ರೆ ತಪ್ಪಿದ್ದು ಎಲ್ಲಿ? 2001ರಲ್ಲಿ ಎಲಿಜಬೆತ್ ಸ್ಪೆಲ್ಕಿ ಮತ್ತು ಸನ್ನಾ ತ್ಸಿವ್‌ಕಿನ್, ರಷ್ಯನ್ ಮತ್ತು ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ನಿಖರ ಲೆಕ್ಕವನ್ನು ಯಾವ ಭಾಷೆಯಲ್ಲಿ ಕಲಿತಿದ್ದರೋ ಆ ಭಾಷೆಯಲ್ಲೇ ಬೇಗ ಉತ್ತರ ಬರುತ್ತಿತ್ತು. ಅಂದಾಜು ಲೆಕ್ಕಕ್ಕೆ ಮಾತ್ರ ಭಾಷೆಯ ವ್ಯತ್ಯಾಸ ಇರಲಿಲ್ಲ. ನಾನು ಮಗ್ಗಿ ಕಲಿತದ್ದು ಇಂಗ್ಲಿಷ್‌ನಲ್ಲಿ. ಅಜ್ಜಿ ಹೇಳಿದ ಪ್ರತಿ ಸಂಖ್ಯೆಯನ್ನೂ ತಲೆಯೊಳಗೆ ಅನುವಾದ ಮಾಡ್ತಿದ್ದೆ. ನಾನು ಒಂದನ್ನು ಮುಗಿಸೋದ್ರೊಳಗೆ ಅವರು ಮುಂದಿನದಕ್ಕೆ ಹೋಗಿರ್ತಿದ್ರು.

ಅಂದರೆ ಸುಲಭ ರಚನೆಯ ಭಾಷೆ ಮನೆಯಲ್ಲಿದ್ದರೆ ಸಾಲದು, ಅದರಲ್ಲಿ ಎಣಿಸಬೇಕು. ಈಗ ಶಿವಮೊಗ್ಗದ ಗಾಂಧಿ ಬಜಾರ್‌ಗೆ ಹೋದಾಗ ಚಿಲ್ಲರೆಯನ್ನು ಕನ್ನಡದಲ್ಲೇ ಎಣಿಸ್ತೀನಿ. ನಿಧಾನ ಆಗುತ್ತೆ, ಹಿಂದೆ ನಿಂತವರು ಗೊಣಗ್ತಾರೆ. ಆದ್ರೆ ಮೊನ್ನೆ ಅಜ್ಜಿ ಫೋನಲ್ಲಿ ಹೇಳಿದ ನಂಬರ್ ಹತ್ತಕ್ಕೆ ಹತ್ತೂ ಸರಿ ಬರೆದೆ. ನೀವೂ ಒಮ್ಮೆ ನಿಮ್ಮ ನಂಬರನ್ನು ಕನ್ನಡದಲ್ಲಿ ಹೇಳಿ ನೋಡಿ.